ನಿತ್ಯ ಬಳಕೆಗೆ ಎಂಥ ಪ್ಲೇಯರ್? ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಡು ಕೇಳುವ, ವಿಡಿಯೊ ನೋಡುವ ಕೈಸಾಧನಗಳನ್ನು ಕುರಿತು ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಪ್ರತಿದಿನ ಬೆಳಿಗ್ಗೆ ರೈಲಿನಲ್ಲಿ ಯಶವಂತಪುರಕ್ಕೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತೇನೆ. ದಾರಿಯುದ್ದಕ್ಕೂ ಮೊಬೈಲಿನಲ್ಲೇ ಹಾಡು ಕೇಳುವುದರಿಂದ ಸಂಜೆಯ ಹೊತ್ತಿಗೆ ಚಾರ್ಜ್ ಮುಗಿದು, ಮನೆಗೆ ಒಂದು ಕರೆ ಮಾಡಲೂ ಆಗುವುದಿಲ್ಲ. ಈ ಕಾಲದಲ್ಲಿ ಹಾಡಿಗೆಂದೇ ಬೇರೆ ಪ್ಲೇಯರ್ ಕೊಳ್ಳುವುದಕ್ಕೆ ಅರ್ಥವಿದೆಯೇ?
– ನಿತ್ಯ ಪ್ರಯಾಣಿಕ, ಕ್ಯಾತಸಂದ್ರ

ಉತ್ತರ: ಅರ್ಥವಿದೆ, ಆದರೆ ಹಣ ಖರ್ಚು ಮಾಡುವ ಮೊದಲು ಒಂದು ವಾರ ಒಂದು ಪ್ರಯೋಗ ಮಾಡಿ ನೋಡಿ. ಹಾಡನ್ನು ಇಂಟರ್‌ನೆಟ್ಟಿನಿಂದ ನೇರವಾಗಿ ಕೇಳುವಾಗ ಫೋನು ಹಾಡನ್ನು ನುಡಿಸುವುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಸಿಗ್ನಲ್ ಹಿಡಿದಿಟ್ಟುಕೊಳ್ಳುವುದಕ್ಕೇ ವ್ಯಯಿಸಬೇಕಾಗುತ್ತದೆ. ರೈಲು ಊರಿಂದೂರಿಗೆ ಓಡುತ್ತಿರುವಾಗ ಅದು ಒಂದು ಟವರಿನಿಂದ ಇನ್ನೊಂದಕ್ಕೆ ಸಂಪರ್ಕ ಬದಲಿಸುತ್ತಲೇ ಇರುತ್ತದೆ, ಸಿಗ್ನಲ್ ಕ್ಷೀಣವಾದ ಕಡೆ ಮತ್ತಷ್ಟು ಬ್ಯಾಟರಿ ಎಳೆದುಕೊಳ್ಳುತ್ತದೆ. ಹಿಂದಿನ ರಾತ್ರಿಯೇ ಮನೆಯಲ್ಲಿ ಹಾಡುಗಳನ್ನು ಡೌನ್‌ಲೋಡ್ ಮಾಡಿಕೊಂಡು, ಪ್ರಯಾಣದಲ್ಲಿ ಪರದೆಯನ್ನು ಆರಿಸಿ ಕೇಳಿದರೆ ಚಾರ್ಜ್ ಎಷ್ಟು ಉಳಿಯುತ್ತದೆಂಬುದು ನಿಮಗೇ ತಿಳಿಯುತ್ತದೆ. ಇದರಿಂದಲೇ ನಿಮ್ಮ ತೊಂದರೆ ತೀರಿದರೆ ಹೊಸ ಸಾಧನ ಬೇಕಿಲ್ಲ.

ಹಾಗಿದ್ದೂ ಚಾರ್ಜ್ ಸಾಲದೆಹೋದರೆ, ಅಥವಾ ಟಿಕೆಟ್ಟು, ಹಣ ಪಾವತಿ, ಮನೆಯವರ ಕರೆ ಎಲ್ಲಕ್ಕೂ ಆ ಒಂದೇ ಫೋನನ್ನು ನಂಬಿರುವುದರಿಂದ ಅದನ್ನು ಹಾಡಿಗೆ ಸವೆಸುವುದು ಬೇಡವೆನಿಸಿದರೆ, ಮೆಮೊರಿ ಕಾರ್ಡ್ ಹಾಕುವ, ಬಟನ್‌ಗಳಿರುವ ಸಣ್ಣ ಎಂಪಿ3 ಪ್ಲೇಯರ್ ಕೊಳ್ಳಿ. ಬಟನ್ ಇರಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಲ್ಲಲೂ ಜಾಗವಿಲ್ಲದ ಬೋಗಿಯಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡವರು ಜೇಬಿನಿಂದ ಸಾಧನವನ್ನು ಹೊರತೆಗೆಯದೆ, ಬೆರಳಿನ ಸ್ಪರ್ಶದಿಂದಲೇ ಹಾಡು ಬದಲಿಸಲು, ನಿಲ್ಲಿಸಲು ಆಗಬೇಕು. ಟಚ್‌ಸ್ಕ್ರೀನ್‌ನಲ್ಲಿ ಅದು ಸಾಧ್ಯವಿಲ್ಲ.

ಡಬ್ಬದ ಮೇಲೆ ದೊಡ್ಡದಾಗಿ ಮುದ್ರಿಸಿರುವ ಜಿಬಿ ಸಂಖ್ಯೆಗೆ ಮರುಳಾಗಬೇಡಿ. 128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಎಂಬ ಅಳತೆ) ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ಹಿಡಿಯುತ್ತದೆ. ಆ ಲೆಕ್ಕದಲ್ಲಿ 32 ಜಿಬಿ ಕಾರ್ಡಿನಲ್ಲಿ ಐದು ನಿಮಿಷದ ಆರು ಸಾವಿರ ಹಾಡುಗಳು ಹಿಡಿಸುತ್ತವೆ. ಎಂಪಿ3ಯಲ್ಲಿ ಅತ್ಯುತ್ತಮವೆನಿಸುವ 320 ಕೆಬಿಪಿಎಸ್‌ನಲ್ಲಿ ತುಂಬಿಸಿದರೂ ಎರಡೂವರೆ ಸಾವಿರಕ್ಕೆ ಮೋಸವಿಲ್ಲ. ಸಿ.ಡಿ.ಯ ಗುಣಮಟ್ಟವನ್ನು ಒಂದಿಷ್ಟೂ ಕಳೆಯದ ಫ್ಲ್ಯಾಕ್ ಕಡತಗಳು ಇನ್ನೂ ದೊಡ್ಡವು. ಮನೆಯ ನಿಶ್ಶಬ್ದದಲ್ಲಿ ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳುವವರಿಗೆ ಅವು ಸರಿ. ರೈಲಿನ ಗಡಗಡ ಸದ್ದಿನ ನಡುವೆ ಆ ಸೂಕ್ಷ್ಮತೆ ಕಿವಿಗೆ ನಿಲುಕುವುದಿಲ್ಲವಾದ್ದರಿಂದ ಅದಕ್ಕೆ ಜಾಗ ಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬೇಡಿ. ಚಂದಾ ಕಟ್ಟಿ ಹಾಡು ಕೇಳುವ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡುಗಳು ಆ ಆ್ಯಪ್‌ನ ಒಳಗಷ್ಟೇ ನುಡಿಯುತ್ತವೆ. ಅವನ್ನು ನಕಲು ಮಾಡಿ ಸಾಮಾನ್ಯ ಪ್ಲೇಯರಿಗೆ ಹಾಕಲಾಗದು. ನಿಮ್ಮ ಸಂಗ್ರಹವೆಲ್ಲ ಅಂಥದ್ದಾಗಿದ್ದರೆ ಆಂಡ್ರಾಯ್ಡ್ ಇರುವ ಪ್ಲೇಯರ್ ಬೇಕಾಗುತ್ತದೆ. 1979ರ ಜುಲೈ 1ರಂದು ಜಪಾನಿನಲ್ಲಿ ಕ್ಯಾಸೆಟ್ ಪ್ಲೇಯರ್ ಆಗಿ ಮಾರಾಟಕ್ಕೆ ಬಂದ ಸೋನಿ ವಾಕ್‌ಮನ್ ಇತ್ತೀಚಿನ ವರ್ಷಗಳಲ್ಲಿ ಆ ರೂಪದಲ್ಲಿಯೂ ಬಂದಿದೆ. ಆದರೆ ಅದರ ಬೆಲೆಗೆ ಒಂದು ಒಳ್ಳೆಯ ಫೋನೇ ಸಿಗುತ್ತದೆ. ನಿಮ್ಮ ಅಗತ್ಯಕ್ಕೆ ಅದು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ಅಣ್ಣ ಬಿಟ್ಟುಹೋದ ಐಪಾಡ್ ಕ್ಲಾಸಿಕ್ ಮನೆಯಲ್ಲಿದೆ. ಚಾರ್ಜ್ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ರಿಪೇರಿ ಮಾಡಿಸಿ ದಿನವೂ ಬಳಸಬಹುದೇ?
– ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: 2001ರ ಅಕ್ಟೋಬರಿನಲ್ಲಿ ಮೊದಲ ಐಪಾಡ್ ಅನಾವರಣಗೊಂಡಿತು, 2022ರ ಮೇ ತಿಂಗಳಲ್ಲಿ ಆ್ಯಪಲ್ ಸಂಸ್ಥೆ ಐಪಾಡ್ ಸರಣಿಯನ್ನೇ ನಿಲ್ಲಿಸಿತು. ಅನುಭವಿ ತಂತ್ರಜ್ಞರು ಬ್ಯಾಟರಿ ಬದಲಿಸಿ ಕೊಡಬಲ್ಲರು. ಆದರೆ ಕ್ಲಾಸಿಕ್‌ನ ಒಳಗಿರುವುದು ತಿರುಗುವ ಸಣ್ಣ ಹಾರ್ಡ್ ಡಿಸ್ಕ್; ಅದು ಹಳತಾದಷ್ಟೂ ಏಟಿಗೆ, ಕುಲುಕಾಟಕ್ಕೆ ಸೋಲುತ್ತದೆ. ಹಾಡು ತುಂಬಿಸಲು ಪ್ರತಿ ಸಲವೂ ಕಂಪ್ಯೂಟರ್ ಬೇಕು. ಅಣ್ಣನವರ ನೆನಪಿಗಾಗಿ ರಿಪೇರಿ ಮಾಡಿಸಿ ಜೋಪಾನವಾಗಿ ಇಟ್ಟುಕೊಳ್ಳಿ, ಅದರಲ್ಲಿರುವ ಹಾಡುಗಳನ್ನು ಕಂಪ್ಯೂಟರಿಗೆ ತೆಗೆದಿರಿಸಿ. ನಿತ್ಯದ ಓಡಾಟಕ್ಕೆ ಮಾತ್ರ ಅದನ್ನು ಒಯ್ಯಬೇಡಿ.

ಪ್ರಶ್ನೆ: ನಾನು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನಿಂದ ಸಂಜೆಯವರೆಗೂ ಯಂತ್ರದ ಸದ್ದು, ಬಿಸಿನೀರಿನ ಹಬೆ. ಬೇಸರ ಕಳೆಯಲು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತೇನೆ. ಸದ್ದಿನಲ್ಲಿ ಕೇಳಿಸದೆ ಧ್ವನಿಯನ್ನು ಪೂರ್ತಿ ಏರಿಸಬೇಕಾಗುತ್ತದೆ. ಇಂಥ ಜಾಗಕ್ಕೆ ಒಪ್ಪುವ, ಜೋರಾಗಿ ಕೇಳಿಸುವ ಪ್ಲೇಯರ್ ಯಾವುದು?
– ಓದುಗರು, ಶಿಡ್ಲಘಟ್ಟ

ಉತ್ತರ: ಈ ಪತ್ರ ಓದಿ ನನಗೆ ಕಳವಳವಾಯಿತು. ಆದ್ದರಿಂದ ಪ್ಲೇಯರಿನ ಮಾತನ್ನು ಆಮೇಲೆ ಇಟ್ಟುಕೊಂಡು ನಿಮ್ಮ ಕಿವಿಯ ಮಾತನ್ನು ಮೊದಲು ಆಡುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರು 80 ಡೆಸಿಬೆಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಶಬ್ದ 90 ಡೆಸಿಬೆಲ್‌ಗೆ ಏರಿತೆಂದರೆ ಅದೇ ಮಿತಿ ವಾರಕ್ಕೆ 4 ಗಂಟೆಗೆ ಇಳಿಯುತ್ತದೆ. ಏಕೆಂದರೆ ಡೆಸಿಬೆಲ್ ಲೆಕ್ಕದಲ್ಲಿ ಮೂರು ಹೆಚ್ಚಾದಾಗಲೆಲ್ಲ ಕಿವಿಯ ಮೇಲೆ ಬೀಳುವ ಶಬ್ದಶಕ್ತಿ ಎರಡರಷ್ಟಾಗುತ್ತದೆ, ಸುರಕ್ಷಿತವಾಗಿ ಕೇಳಬಹುದಾದ ಸಮಯ ಅರ್ಧವಾಗುತ್ತದೆ. ನೀವು ಯಂತ್ರದ ಸದ್ದನ್ನು ಮೀರಿಸಲೆಂದು ಹಾಡಿನ ಧ್ವನಿಯನ್ನು ಏರಿಸುತ್ತೀರಿ. ಹಾಗೆ ಮಾಡಿದಾಗ ಯಂತ್ರದ ಸದ್ದು ಮರೆಯಾದಂತೆ ತೋರಿದರೂ ಕಿವಿಗೆ ಎರಡೂ ಸೇರಿಯೇ ತಲಪುತ್ತವೆ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಂಜೆ ಮನೆಗೆ ಬಂದಾಗ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಇದ್ದರೆ, ಅಥವಾ ಮನೆಯವರು ಎರಡೆರಡು ಸಲ ಕೂಗಬೇಕಾಗುತ್ತಿದ್ದರೆ, ದಯವಿಟ್ಟು ತಡಮಾಡದೆ ಕಿವಿಯ ವೈದ್ಯರಿಗೆ ತೋರಿಸಿ.

ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿಕೊಳ್ಳುವ ರೂಢಿ ಹಲವರಲ್ಲಿದೆ. ಆಗ ಆ ಒಂದು ಕಿವಿಗೆ ಧ್ವನಿಯನ್ನು ಇನ್ನೂ ಏರಿಸುವುದರಿಂದ ಅದು ಪರಿಹಾರವಲ್ಲ. ರಬ್ಬರಿನ ತುದಿಯಿದ್ದು ಕಿವಿಯ ಕಾಲುವೆಯನ್ನು ಬಿಗಿಯಾಗಿ ಮುಚ್ಚುವ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆಯುತ್ತದೆ, ಆದ್ದರಿಂದ ಕಡಿಮೆ ಧ್ವನಿಯಲ್ಲೂ ಹಾಡು ಸ್ಪಷ್ಟವಾಗಿ ಕೇಳಿಸುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಆದರೆ ತಿರುಗುವ ಯಂತ್ರದ ಪಕ್ಕದಲ್ಲಿ, ಕುದಿನೀರಿನ ಎದುರಿನಲ್ಲಿ ಕೆಲಸ ಮಾಡುವವರು ಜೊತೆಗಾರರ ಕೂಗನ್ನೂ ಯಂತ್ರದ ಸದ್ದಿನಲ್ಲಾಗುವ ವ್ಯತ್ಯಾಸವನ್ನೂ ಕೇಳಿಸಿಕೊಳ್ಳಲೇಬೇಕು. ಆದ್ದರಿಂದ ಯಂತ್ರ ಓಡುತ್ತಿರುವಾಗ ಇಯರ್‌ಫೋನ್ ಬೇಡವೇ ಬೇಡ. ಊಟದ ಬಿಡುವಿನಲ್ಲಿ, ಯಂತ್ರ ನಿಂತಾಗ, ಹತ್ತಾರು ಜನರೂ ಕೇಳುವಂತೆ ಗೋಡೆಯ ಮೊಳೆಗೆ ತೂಗುಹಾಕುವ ಒಂದು ಸಣ್ಣ ಸ್ಪೀಕರ್ ಪ್ಲೇಯರ್ ಇರಲಿ.

ಕೊಳ್ಳುವಾಗ ಐಪಿಎಕ್ಸ್ ಸಂಖ್ಯೆಯನ್ನು ನೋಡಿ. ಐಪಿಎಕ್ಸ್4 ಎಂದರೆ ಎರಚಿದ ನೀರಿನ ಹನಿಯನ್ನು ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಇವೆರಡೂ ತಣ್ಣೀರಿನ ಪರೀಕ್ಷೆಗಳೇ ಹೊರತು ಹಬೆಯವಲ್ಲವಾದ್ದರಿಂದ, ಎಂಥ ಸಂಖ್ಯೆಯಿದ್ದರೂ ಸ್ಪೀಕರನ್ನು ಬಿಸಿನೀರಿನಿಂದ ದೂರದ ಗೋಡೆಗೇ ಹಾಕಬೇಕು.

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಫೋನು ಕೈಗೆ ಸಿಕ್ಕರೆ ಓದು ಕೆಡುತ್ತದೆಂದು ಅಪ್ಪ ಕೊಡುವುದಿಲ್ಲ. ಪಾಠದ ವಿಡಿಯೊಗಳನ್ನು ನೋಡಲು ಅಗ್ಗದ ಎಂಪಿ4 ಪ್ಲೇಯರ್ ಮತ್ತು 128 ಜಿಬಿ ಕಾರ್ಡ್ ಕೊಳ್ಳುವ ಯೋಚನೆಯಿದೆ. ಸರಿಯೇ?
– ವಿದ್ಯಾರ್ಥಿನಿ, ಗೌರಿಬಿದನೂರು

ಉತ್ತರ: ಯೋಚನೆ ಒಳ್ಳೆಯದು, ಆದರೆ ಅಗ್ಗದ ಎಂಪಿ4 ಪ್ಲೇಯರಿನ ಪರದೆ ಎರಡು ಇಂಚಿನ ಆಸುಪಾಸಿನದು. ಕರಿಹಲಗೆಯ ಮೇಲೆ ಬರೆದ ಸಮೀಕರಣದ ಘಾತಾಂಕ ಅದರಲ್ಲಿ ಕಾಣಿಸುವುದಿಲ್ಲ, ಕಣ್ಣೂ ದಣಿಯುತ್ತದೆ. ಮೇಲಾಗಿ ಅಂಥ ಹಲವು ಪ್ಲೇಯರುಗಳು ಈಗ ಸಾಮಾನ್ಯವಾಗಿರುವ ಎಚ್.264 ಮಾದರಿಯ ವಿಡಿಯೊವನ್ನು ನೇರವಾಗಿ ತೋರಿಸುವುದಿಲ್ಲ. ಪ್ರತಿಯೊಂದನ್ನೂ ಕಂಪ್ಯೂಟರಿನಲ್ಲಿ ಸಣ್ಣ ಎವಿಐ ಕಡತವಾಗಿ ಪರಿವರ್ತಿಸಿ ಹಾಕಬೇಕು. ನಿಮ್ಮ ತಂದೆಯವರು ಒಪ್ಪಿದರೆ, ಸಿಮ್ ಹಾಕದ, ಏಳೆಂಟು ಇಂಚಿನ ಟ್ಯಾಬ್ ಒಂದನ್ನು ಪಾಠಕ್ಕೆಂದೇ ಇಟ್ಟುಕೊಳ್ಳುವುದು ಎಷ್ಟೋ ಮೇಲು. ವೈಫೈ ಇಲ್ಲದಿದ್ದಾಗ ಅದೂ ಬರಿಯ ವಿಡಿಯೊ ಪ್ಲೇಯರೇ.

128 ಜಿಬಿ ನಿಮಗೆ ಬೇಕಿಲ್ಲ. ಸೆಕೆಂಡಿಗೆ 1 ಮೆಗಾಬಿಟ್ ದರದ 480ಪಿ ವಿಡಿಯೊ ಗಂಟೆಗೆ ಸುಮಾರು 450 ಎಂಬಿ ಹಿಡಿಯುತ್ತದೆ. 32 ಜಿಬಿಯಲ್ಲಿ ಅರವತ್ತು ಗಂಟೆಗೂ ಮೀರಿದ ಪಾಠ ತುಂಬುತ್ತದೆ. 64 ಜಿಬಿ ಮತ್ತು ಅದಕ್ಕಿಂತ ದೊಡ್ಡ ಕಾರ್ಡುಗಳು ಕಡತಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಎಂಬ ವಿಧಾನದಲ್ಲಿ ಸಿದ್ಧವಾಗಿ ಬರುವುದರಿಂದ ಹಳೆಯ ಮತ್ತು ಅಗ್ಗದ ಪ್ಲೇಯರುಗಳು ಅವನ್ನು ಗುರುತಿಸದೆಯೂ ಹೋಗಬಹುದು.

ನಂಬಲಾಗದಷ್ಟು ಕಡಿಮೆ ಬೆಲೆಗೆ ಸಿಗುವ ದೊಡ್ಡ ಕಾರ್ಡುಗಳಲ್ಲಿ ಮೋಸವೂ ಇರುತ್ತದೆ. ಒಳಗೆ 8 ಜಿಬಿಯಷ್ಟೇ ಜಾಗವಿದ್ದರೂ ಕಂಪ್ಯೂಟರಿಗೆ 128 ಎಂದು ತೋರಿಸುವಂತೆ ಅವನ್ನು ತಿದ್ದಿರುತ್ತಾರೆ. ತುಂಬುವಾಗ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಆಮೇಲೆ ತೆರೆದರೆ ಕಡತಗಳು ಕೆಟ್ಟಿರುತ್ತವೆ. ಬೆಂಗಳೂರಿನ ಪೇಟೆಯೊಂದರಲ್ಲಿ ರಸೀದಿಯಿಲ್ಲದೆ ಕೊಂಡ ಅಂಥ ಕಾರ್ಡಿನಿಂದ ಮನೆಯ ಸಮಾರಂಭದ ವಿಡಿಯೊಗಳನ್ನೇ ಕಳೆದುಕೊಂಡವನು ನಾನು. ಆದ್ದರಿಂದ ಹೊಸ ಕಾರ್ಡನ್ನು ಮೊದಲ ದಿನವೇ ಪೂರ್ತಿ ತುಂಬಿಸಿ, ಹೊರತೆಗೆದು ಮತ್ತೆ ಹಾಕಿ, ಮೊದಲು ತುಂಬಿದವನ್ನೂ ಕೊನೆಯಲ್ಲಿ ತುಂಬಿದವನ್ನೂ ತೆರೆದು ನೋಡಿ. ಜಿಎಸ್‌ಟಿ ರಸೀದಿ ಕೇಳಿ ಪಡೆಯಿರಿ. ಮಾರಿದವರು ಬದಲಿಸಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಪ್ರಶ್ನೆ: ನಮ್ಮ ತಾಯಿಗೆ ಎಪ್ಪತ್ತೆಂಟು ವರ್ಷ. ದೇವರನಾಮ, ಹರಿಕಥೆ, ರೇಡಿಯೊ ಎಂದರೆ ಪ್ರಾಣ. ಕಣ್ಣು ಮಂದವಾಗಿದೆ, ಫೋನು ಬಳಸಲು ಬಾರದು. ಏನು ಕೊಡಿಸಲಿ?
– ನಿವೃತ್ತ ಶಿಕ್ಷಕರು, ಮುಳಬಾಗಿಲು

ಉತ್ತರ: ಏನನ್ನೂ ತುಂಬಿಸುವ ಗೋಜಿಲ್ಲದೆ ಹಾಡು ಕೇಳಬೇಕೆಂದರೆ ಸರೆಗಮ ಸಂಸ್ಥೆ 2017ರಲ್ಲಿ ಹೊರತಂದ ಕಾರವಾನ್ ಮಾದರಿಯವು ಅನುಕೂಲ; ಕನ್ನಡದ ಹಳೆಯ ಹಾಡುಗಳನ್ನು ಮೊದಲೇ ತುಂಬಿದ ಪೆಟ್ಟಿಗೆಯೂ ಅದರಲ್ಲಿದೆ. ಆದರೆ ನಿಮ್ಮ ತಾಯಿಯವರು ಬಯಸುವ ಹರಿಕಥೆಯನ್ನು ನೀವೇ ಆರಿಸಿ ತುಂಬಿಸಬೇಕಾಗಿರುವುದರಿಂದ, ಎಫ್‌ಎಂ ಮತ್ತು ಮೆಮೊರಿ ಕಾರ್ಡ್ ಎರಡೂ ಇರುವ ಅಂಗೈ ಗಾತ್ರದ ಸ್ಪೀಕರ್ ಸಾಕು. ಇಂಥ ಹಲವು ಸಾಧನಗಳಲ್ಲಿ ಹಿಂದಿನ ಕೀಪ್ಯಾಡ್ ಫೋನುಗಳ ಬಿಎಲ್-5ಸಿ ಬ್ಯಾಟರಿ ಇರುತ್ತದೆ. ಸೋತಾಗ ಯಾವ ಮೊಬೈಲ್ ಅಂಗಡಿಯಲ್ಲಾದರೂ ಇನ್ನೊಂದನ್ನು ತಂದು ನೀವೇ ಹಾಕಬಹುದು. ಬ್ಯಾಟರಿಯನ್ನು ತೆಗೆಯಲಾಗದ ಮಾದರಿಗಿಂತ ಇದನ್ನೇ ನಾನು ಮೆಚ್ಚುತ್ತೇನೆ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಉದ್ದದ ಕಡತವೊಂದನ್ನು ಅರ್ಧದವರೆಗೆ ನುಡಿಸಿ, ಸಾಧನವನ್ನು ಆರಿಸಿ ಮತ್ತೆ ಹಚ್ಚಿ. ನಿಲ್ಲಿಸಿದಲ್ಲಿಂದಲೇ ಮುಂದುವರಿದರೆ ಕೊಳ್ಳಿ. ಮೊದಲಿನಿಂದ ಆರಂಭವಾಗುವಂಥದ್ದಾದರೆ ಎರಡು ಗಂಟೆಯ ಹರಿಕಥೆಯನ್ನು ತಾಯಿಯವರು ಎಂದಿಗೂ ಪೂರ್ತಿ ಕೇಳಲಾರರು. ಹಾಗಾಗಿ ಕಥೆಯನ್ನು ಹತ್ತು ಹದಿನೈದು ನಿಮಿಷದ ತುಂಡುಗಳಾಗಿ ಮಾಡಿ ಹಾಕುವುದೂ ಒಳ್ಳೆಯದು.

ಕಡತಗಳ ಹೆಸರನ್ನು ಕನ್ನಡದಲ್ಲಿ ಬರೆದರೆ ಅಗ್ಗದ ಪರದೆಗಳ ಮೇಲೆ ಬರಿಯ ಚೌಕಗಳು ಮೂಡುತ್ತವೆ. 001, 002 ಎಂದು ಅಂಕಿಯಲ್ಲೇ ಹೆಸರಿಡಿ. ಇಂಥ ಹಲವು ಪ್ಲೇಯರುಗಳು ಹೆಸರಿನ ಕ್ರಮವನ್ನು ನೋಡದೆ ಕಾರ್ಡಿಗೆ ಯಾವುದು ಮೊದಲು ಸೇರಿತೋ ಅದನ್ನೇ ಮೊದಲು ನುಡಿಸುತ್ತವೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಸುರಿಯದೆ ಒಂದಾದ ಮೇಲೊಂದರಂತೆ ನಕಲು ಮಾಡಿ. ಇಯರ್‌ಫೋನಿನ ತಂತಿಯನ್ನೇ ಆಂಟೆನಾ ಮಾಡಿಕೊಳ್ಳುವ ಸಾಧನ ಬೇಡ, ಎಳೆಯುವ ಕಡ್ಡಿ ಇರುವುದನ್ನು ಆರಿಸಿದರೆ ಆಕಾಶವಾಣಿ ಸ್ಪಷ್ಟವಾಗಿ ಕೇಳಿಸುತ್ತದೆ. ಮನೆಗೆ ತಂದ ಮೇಲೆ ಹಾಡು ಹಚ್ಚುವ ಬಟನ್ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ, ತಾಯಿಯವರ ಬೆರಳು ಹಿಡಿದು ಎರಡು ಮೂರು ದಿನ ಅದನ್ನು ತೋರಿಸಿಕೊಡಿ. ಉಳಿದ ಬಟನ್‌ಗಳ ಗೊಡವೆ ಅವರಿಗೆ ಬೇಕಾಗುವುದಿಲ್ಲ.