ಈಕ್ವಿಟಿ ಎಂಬ ಮಾತಿನ ಬೇರು

ಪತ್ರ: ಎಲ್ಲರೂ ಈಗ ‘ಈಕ್ವಾಲಿಟಿ’ ಬಿಟ್ಟು ‘ಈಕ್ವಿಟಿ’ ಎನ್ನುತ್ತಿದ್ದಾರೆ. ಎರಡೂ ಸಮಾನತೆಯೇ ಅಲ್ಲವೇ? ಈ ಹೊಸ ಪದ ಏಕೆ ಬೇಕಿತ್ತು? — ಓದುಗರೊಬ್ಬರು, ಮಳವಳ್ಳಿ

ಉತ್ತರ: ಒಳ್ಳೆಯ ಪ್ರಶ್ನೆ. ಆದರೆ ಪದ ಹೊಸದಲ್ಲ. 14ನೇ ಶತಮಾನದಿಂದಲೇ ಇಂಗ್ಲಿಷಿನಲ್ಲಿದೆ. ಎರಡಕ್ಕೂ ತಾಯಿ ಲ್ಯಾಟಿನ್ನಿನ ‘ಏಕ್ವುಸ್’. ಅದಕ್ಕೆ ಸಮತಟ್ಟು ಎಂಬ ಅರ್ಥವೂ ಉಂಟು, ನ್ಯಾಯವಾದದ್ದು ಎಂಬ ಅರ್ಥವೂ ಉಂಟು. ನಮ್ಮ ‘ಸರಿ’ಯೂ ಹಾಗೆಯೇ ಅಲ್ಲವೇ? ಸರಿಪಾಲು ಎಂದರೆ ಸಮಪಾಲು, ಸರಿಯಾದ ತೀರ್ಪು ಎಂದರೆ ನ್ಯಾಯವಾದ ತೀರ್ಪು. ಇಂಗ್ಲಿಷಿನಲ್ಲಿ ‘ಈಕ್ವಾಲಿಟಿ’ ಅಳತೆಯ ಕಡೆಗೆ ವಾಲಿತು, ‘ಈಕ್ವಿಟಿ’ ನ್ಯಾಯದ ಕಡೆಗೆ.

ಇಂಗ್ಲೆಂಡಿನ ‘ಕಾಮನ್ ಲಾ’ ಎಂಬ ಸಾಮಾನ್ಯ ಕಾನೂನಿನಲ್ಲಿ ಪರಿಹಾರ ಸಿಗದವರು ದೊರೆಗೆ ಮೊರೆಯಿಡುತ್ತಿದ್ದರು. ಆ ಅರ್ಜಿಗಳು ದೊರೆಯ ಹಿರಿಯ ಅಧಿಕಾರಿಯಾದ ಚಾನ್ಸಲರ್ ಬಳಿಗೆ ಹೋಗುತ್ತಿದ್ದವು. ಅಲ್ಲಿ ಬೆಳೆದ ನ್ಯಾಯಪದ್ಧತಿಗೆ ಈಕ್ವಿಟಿ ಎಂದೇ ಹೆಸರಾಯಿತು. ಚಾನ್ಸಲರ್ ಬದಲಾದರೆ ಅವನ ಪಾದದಳತೆಯಂತೆ ನ್ಯಾಯವೂ ಬದಲಾದೀತು ಎಂದು 17ನೇ ಶತಮಾನದ ಕಾನೂನು ವಿದ್ವಾಂಸ ಜಾನ್ ಸೆಲ್ಡನ್ ಆಕ್ಷೇಪಿಸಿದ್ದ. ಆ ಭಯವನ್ನು ತಳ್ಳಿಹಾಕಲಾಗದು.

ಆದರೆ ಎಲ್ಲರಿಗೂ ಒಂದೇ ನಿಯಮವಿದ್ದರೆ ಸಾಕೆನ್ನುವವರು ಮೈಸೂರಿನ ಚರಿತ್ರೆಯನ್ನು ಓದಬೇಕು. ಸರ್ಕಾರಿ ನೌಕರಿಯ ಬಾಗಿಲು ಹೆಸರಿಗೆ ಎಲ್ಲರಿಗೂ ತೆರೆದಿತ್ತು. ಒಳಗೆ ತುಂಬಿದ್ದವರು ತಲೆಮಾರುಗಳಿಂದ ಓದಿಕೊಂಡು ಬಂದವರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಉನ್ನತ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಹಂತದಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಸಿಗಬೇಕೆಂದು ಅದು ಹೇಳಿತು. ದಕ್ಷತೆ ಕುಗ್ಗೀತೆಂಬ ದಿವಾನ್ ವಿಶ್ವೇಶ್ವರಯ್ಯನವರ ಆತಂಕ ಪ್ರಾಮಾಣಿಕವಾದದ್ದೇ. ಆದರೂ ನನ್ನ ಮನಸ್ಸು ನಾಲ್ವಡಿಯವರ ಕಡೆಗೆ. ಓಡುವ ಗೆರೆ ಒಂದೇ ಆದರೂ ಕೆಲವರ ಕಾಲಿಗೆ ಸರಪಳಿಯಿದೆ ಎಂಬುದನ್ನು ಆ ಅರಸರು ನೂರು ವರ್ಷಗಳ ಹಿಂದೆಯೇ ಕಂಡಿದ್ದರು. ಇಂದಿನ ಪದವೀಧರ ಮಕ್ಕಳು ಮೀಸಲಾತಿಯ ಮಾತೆತ್ತಿದರೆ ‘ಮೆರಿಟ್’ ಎಂದು ಮುಖ ತಿರುಗಿಸುವುದನ್ನು ನೋಡಿದಾಗ ಸಂಕಟವಾಗುತ್ತದೆ. ಈ ಚರಿತ್ರೆಯನ್ನು ಮನಸ್ಸಿಗೆ ನಾಟುವಂತೆ ಅವರಿಗೆ ಯಾರೂ ಹೇಳಲಿಲ್ಲ.

ಮಳವಳ್ಳಿಯವರಾದ ನೀವೇ ಈ ಪ್ರಶ್ನೆ ಕೇಳಬಹುದೇ? ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟ ದಿನ ಎಲ್ಲರಿಗೂ ಒಂದೇ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯೂ ಎಲ್ಲರಿಗೂ ಒಂದೇ. ಆದರೆ ಮೇಲಿನವರ ಗದ್ದೆ ತುಂಬಿದ ಮೇಲೂ ಕೊನೆಯ ಭಾಗದ ರೈತ ಒಣಗಿದ ಸಸಿಮಡಿಯ ಮುಂದೆ ಕಾಯುತ್ತಾನೆ. ಅವನಿಗೆ ಬೇಕಾದದ್ದು ಕಾಗದದ ಮೇಲಿನ ಸಮಪಾಲಲ್ಲ, ಮೊದಲು ಕೊನೆಯ ತೂಬಿಗೆ ನೀರು ಮುಟ್ಟಿಸುವ ಏರ್ಪಾಡು. ಪ್ರತಿ ಬೇಸಿಗೆಯಲ್ಲಿ ಸಭೆ ನಡೆಯುತ್ತದೆ, ಭರವಸೆ ಸಿಗುತ್ತದೆ, ನಾಲೆಯ ಹೂಳು ಮಾತ್ರ ಹಾಗೆಯೇ ಉಳಿಯುತ್ತದೆ. ಈ ಸಲದ ಕಟ್ಟಿನಲ್ಲಿ ನಿಮ್ಮೂರಿನ ತೂಬಿಗೆ ಎಷ್ಟು ದಿನ ನೀರು ಬಂತೆಂದು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಮೊದಲ ಪತ್ರವಾಗಿ ಪ್ರಕಟಿಸುತ್ತೇವೆ.

— ಸಂಪಾದಕ