ಪೆಟೂನಿಯಾ ಬೀಜ ಹುಟ್ಟುತ್ತಲೇ ಇಲ್ಲ, ಇದನ್ನು ಬಿಟ್ಟು ಬಹುವಾರ್ಷಿಕ ಹೂಗಿಡಗಳ ಬೀಜ ಹಾಕಿದರೆ ಸುಲಭವೇ?

"ಅರ್ಧ ಇಂಚು ಮಣ್ಣು ಮುಚ್ಚಿ ದಿನಾ ನೀರು ಹಾಕಿದೆ, 20 ದಿನವಾದರೂ ಒಂದೂ ಹುಟ್ಟಲಿಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲಿನಲ್ಲೇ ನನ್ನ ಕಣ್ಣು ನಿಂತಿತು. ನಾನು ಮಾಡಿದ್ದೂ ಅದನ್ನೇ.

ಮೈಸೂರಿನ ಕುಪ್ಪಣ್ಣ ಪಾರ್ಕಿನಲ್ಲಿ ದಸರಾ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬಂದವಳು ಮಾರನೇ ದಿನವೇ ಎರಡು ಪೊಟ್ಟಣ ಪೆಟೂನಿಯಾ ಬೀಜ ತಂದೆ. ಬಿಚ್ಚಿದರೆ ಒಳಗೆ ಕಾಫಿಪುಡಿಯಂಥ ಧೂಳು. ಒಂದು ಗ್ರಾಂಗೆ ಸುಮಾರು 10,000 ಬೀಜ ಬರುತ್ತವೆ, ಅಷ್ಟು ಸಣ್ಣವು. ನನಗೋ ಅವರೆ, ಹುರುಳಿಕಾಯಿ, ಬೆಂಡೆ ಹಾಕಿ ಅಭ್ಯಾಸ. ಬೆರಳಿನ ಒಂದು ಗೆಣ್ಣು ಆಳಕ್ಕೆ ಗುಳಿ ಮಾಡಿ, ಬೀಜ ಉದುರಿಸಿ, ಮಣ್ಣೆಳೆದು ಅಂಗೈಯಿಂದ ತಟ್ಟಿದೆ. ಮೇಲೊಂದು ಮಗ್ ನೀರು ಸುರಿದೆ. ಬೆರಳಿಗೆ ಅಂಟಿಕೊಂಡಿದ್ದ ನಾಲ್ಕಾರು ಬೀಜಗಳನ್ನು ಪಕ್ಕದ ದೊಡ್ಡಪತ್ರೆ ಕುಂಡದಲ್ಲಿ ಒದರಿದೆ.

ಮೂರು ವಾರ ಕಾದೆ. ಅಂಗಡಿಯವರು ಹಳೇ ಬೀಜ ಕೊಟ್ಟಿದ್ದಾರೆ ಅಂದುಕೊಂಡು ಕುಂಡದ ಮಣ್ಣು ಸುರಿಯಲು ಹೋದಾಗ ಕಂಡಿತು: ದೊಡ್ಡಪತ್ರೆಯ ಬುಡದಲ್ಲಿ ಆರು ಸಸಿ, ಸಾಸಿವೆಕಾಳಿನಗಲದ ಎರಡೆರಡು ಎಲೆ. ಅದೇ ಪೊಟ್ಟಣದ ಬೀಜ, ಅದೇ ದಿನ ಬಿದ್ದದ್ದು, ಮೇಲೆ ಒಂದು ಚಿಟಿಕೆ ಮಣ್ಣೂ ಇಲ್ಲದ್ದು.

ಇದನ್ನು ಚೆನ್ನಾಗಿ ಮನಸ್ಸಿಗೆ ತೆಗೆದುಕೊಳ್ಳಿ. ಅವರೆಕಾಳಿನೊಳಗೆ ಮೊಳಕೆಗೆ ಬೇಕಾದ ಬುತ್ತಿ ಧಾರಾಳವಾಗಿರುತ್ತದೆ, ಎರಡು ಇಂಚು ಮಣ್ಣು ಸೀಳಿಕೊಂಡು ಮೇಲೆ ಬರುತ್ತದೆ. ಪೆಟೂನಿಯಾ ಬೀಜದ ಬುತ್ತಿ ಕೆಲವೇ ಮಿಲಿಮೀಟರಿಗೆ ಮುಗಿಯುತ್ತದೆ. ಅದಕ್ಕೇ ಅದು ಬೆಳಕು ತಾಗಿದರೆ ಮಾತ್ರ ಚೆನ್ನಾಗಿ ಮೊಳೆಯುತ್ತದೆ. ಬೀಜದಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕು ಇದೆಯೋ ಇಲ್ಲವೋ ಎಂದು ಗುರುತಿಸುತ್ತದೆ. ಮಣ್ಣು ಮುಚ್ಚಿದರೆ, ಇನ್ನೂ ಸಮಯ ಬಂದಿಲ್ಲ ಅಂತ ಬೀಜ ಸುಮ್ಮನಿದ್ದುಬಿಡುತ್ತದೆ. ನಾವು ಮೇಲಿಂದ ನೀರು ಸುರಿದಷ್ಟೂ ಅದು ಇನ್ನೂ ಆಳಕ್ಕೆ ಇಳಿಯುತ್ತದೆ.

ಆದ್ದರಿಂದ ಬಹುವಾರ್ಷಿಕಕ್ಕೆ ಹೋಗಲೇ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಿಡ ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೂ ಬೀಜ ಹುಟ್ಟುವುದು ಸುಲಭವೋ ಕಷ್ಟವೋ ಅನ್ನುವುದಕ್ಕೂ ಸಂಬಂಧವಿಲ್ಲ. ನಿತ್ಯಪುಷ್ಪ ನಮ್ಮಲ್ಲಿ ವರ್ಷಗಟ್ಟಲೆ ಇರುವ ಗಿಡ, ಹಿಮ ಬೀಳುವ ದೇಶಗಳಲ್ಲಿ ಅದನ್ನೇ ವಾರ್ಷಿಕ ಅಂತ ಮಾರುತ್ತಾರೆ. ಅದರ ಬೀಜಕ್ಕೆ ಬೇಕಾದದ್ದು ಕತ್ತಲೆ, ಮಣ್ಣು ಮುಚ್ಚಲೇಬೇಕು. ಶಂಖಪುಷ್ಪವೂ ಬಹುವಾರ್ಷಿಕವೇ, ಆದರೆ ಸಿಪ್ಪೆ ಗಟ್ಟಿ, ರಾತ್ರಿಯಿಡೀ ನೆನೆಹಾಕಬೇಕು. ಚೆಂಡುಹೂವು ಒಂದೇ ಹಂಗಾಮಿನದು, ಕಾಲು ಇಂಚು ಮಣ್ಣಿನಡಿ ನಾಲ್ಕೈದು ದಿನಕ್ಕೆ ಹುಟ್ಟುತ್ತದೆ. ಬೀಜವನ್ನು ಅಂಗೈಯಲ್ಲಿಟ್ಟು ನೋಡಿ: ದಪ್ಪವಿದ್ದರೆ ಅದರ ದಪ್ಪದ ಎರಡರಷ್ಟು ಮಣ್ಣು, ಧೂಳಿನಂತಿದ್ದರೆ ಸಾಮಾನ್ಯವಾಗಿ ಏನೂ ಬೇಡ.

ನಾನು ಈಗ ಮಾಡುವುದು ಇಷ್ಟು. ತೂತಿರುವ ತಟ್ಟೆಯಲ್ಲಿ ಜರಡಿ ಹಿಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ, ಮೊದಲೇ ನೆನೆಸಿದ್ದು. ಬೀಜಕ್ಕೆ ಒಂದು ಚಮಚ ಸಣ್ಣ ಮರಳು ಬೆರೆಸಿ ರಂಗೋಲಿ ಪುಡಿಯಂತೆ ಉದುರಿಸಿ, ಬೆರಳಲ್ಲಿ ಮೆಲ್ಲಗೆ ಒತ್ತುತ್ತೇನೆ. ಮಗ್ ಮುಟ್ಟುವುದಿಲ್ಲ. ತಟ್ಟೆಯನ್ನು ನೀರಿನ ಬೇಸಿನ್‌ನಲ್ಲಿ ಇಟ್ಟರೆ ಕೆಳಗಿನಿಂದಲೇ ಹೀರಿಕೊಳ್ಳುತ್ತದೆ. ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ, ಬೆಳಕಿದ್ದು ನೇರ ಬಿಸಿಲು ಬೀಳದ ಜಾಗದಲ್ಲಿ ಇಡುತ್ತೇನೆ. ಏಳರಿಂದ ಹತ್ತು ದಿನಕ್ಕೆ ಹಸಿರು ಕಾಣುತ್ತದೆ. ಕಂಡ ದಿನವೇ ಪ್ಲಾಸ್ಟಿಕ್ ತೆಗೆಯಿರಿ, ಇಲ್ಲದಿದ್ದರೆ ಸಸಿಗಳು ಬುಡ ಕೊಳೆತು ಮಲಗಿಬಿಡುತ್ತವೆ.

ಎರಡನೇ ಪೊಟ್ಟಣ ಒಡೆದಿಲ್ಲ, ಎಸೆಯಲೇ ಅಂತಲೂ ಕೇಳಿದ್ದೀರಿ. ದಯವಿಟ್ಟು ಎಸೆಯಬೇಡಿ. ಚಳಿ ಈಗ ತಾನೇ ಶುರುವಾಗಿದೆ, ಪೆಟೂನಿಯಾಗೆ ಇದೇ ಹದ. ಈ ವಾರವೇ ಹಾಕಿ.