ಹೊಸ್ತಿಲಿನ ಆಚೆಯ ದೇವರು

ದಾವಣಗೆರೆಯ ನಿವೃತ್ತ ಉಪನ್ಯಾಸಕರೊಬ್ಬರು ಬರೆದ ಪತ್ರದ ಸಾರ: “ನಂಬಿಕೆ ದೇವರ ಕೋಣೆಯೊಳಗೆ ಇರಬೇಕಾದದ್ದು. ಮೆರವಣಿಗೆ, ಜಾತ್ರೆ, ಉರುಸು ಎಂದು ಧ್ವನಿವರ್ಧಕದ ಸಮೇತ ಅದನ್ನು ಬೀದಿಗೆ ತಂದದ್ದರಿಂದಲೇ ಇಷ್ಟೆಲ್ಲ ಜಗಳ. ಎಲ್ಲರೂ ತಮ್ಮ ಧರ್ಮವನ್ನು ಹೊಸ್ತಿಲೊಳಗೆ ಇಟ್ಟುಕೊಂಡರೆ ಸಹಿಷ್ಣುತೆ ತಾನಾಗಿ ಬರುತ್ತದೆ. ನೀವೇನು ಹೇಳುತ್ತೀರಿ?”

ಸಂಪಾದಕರ ಉತ್ತರ:

ಮೇಷ್ಟ್ರೇ, ಧ್ವನಿವರ್ಧಕದ ಕಾಟದ ಬಗ್ಗೆ ನೀವು ಬರೆದಿರುವುದು ನಿಜ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಅದು ಕೂಡದೆಂದು ನಿಯಮವೇ ಇದೆ. ಯಾವ ದೇವರ ಹೆಸರಿನಲ್ಲಿ ಕೂಗಿದರೂ ಕಾಯಿಲೆಯವರಿಗೆ ಅದು ಹಿಂಸೆಯೇ. ಇಷ್ಟನ್ನು ಒಪ್ಪಿದೆ. ಮುಂದಿನದನ್ನು ಒಪ್ಪಲಾರೆ. ಬಾಗಿಲು ಹಾಕಿಕೊಂಡವರ ನಡುವೆ ಜಗಳ ಇಲ್ಲದಿರಬಹುದು, ಆದರೆ ಪರಿಚಯವೂ ಇರುವುದಿಲ್ಲ.

ಶ್ರವಣಬೆಳಗೊಳಕ್ಕೆ ನೀವು ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗಿಯೇ ಇರುತ್ತೀರಿ. ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿದು ಬರುವ ನಾವು ಊರೊಳಗಿನ ಭಂಡಾರಿ ಬಸದಿಯ ಬಳಿಯ 1368ರ ಶಾಸನದ ಮುಂದೆ ನಿಲ್ಲುವುದೇ ಇಲ್ಲ. ವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಜೈನರಿಗೆ ಪಂಚಮಹಾವಾದ್ಯವೂ ಕಲಶವೂ ಸಲ್ಲಬೇಕು ಎಂದ. ವಾದ್ಯ ನುಡಿಸುವುದು ಬೀದಿಯಲ್ಲಿ, ಮೇಷ್ಟ್ರೇ! ಇಬ್ಬರೂ ಮನೆಯೊಳಗೆ ಪೂಜೆ ಮಾಡಿಕೊಳ್ಳಿ ಎಂದು ಅವನು ತೀರ್ಪು ಕೊಡಲಿಲ್ಲ. ಜೈನ ದರ್ಶನಕ್ಕೆ ಹಾನಿಯಾದರೆ ಅದನ್ನು ವೈಷ್ಣವರು ತಮ್ಮ ಹಾನಿಯೆಂದೇ ಎಣಿಸಬೇಕು ಎಂದ. ನನಗೆ ಇನ್ನೂ ಹಿಡಿಸುವುದು ಅದರ ಲೆಕ್ಕಾಚಾರ: ಜೈನರ ಮನೆಗೆ ವರ್ಷಕ್ಕೆ ಒಂದು ಹಣದಂತೆ (ಹಣ ಎಂದರೆ ಆಗಿನ ಒಂದು ನಾಣ್ಯ) ಎತ್ತಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಮೈಗಾವಲಿನವರನ್ನು ನೇಮಿಸಬೇಕು, ಮಿಕ್ಕ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಈ ಹೊಣೆ ಹೊತ್ತವನು ತಿರುಮಲೆಯ ತಾತಯ್ಯ, ಶ್ರೀವೈಷ್ಣವ. ಸಹಿಷ್ಣುತೆ ಎಂದರೆ ನನಗೆ ಈ ಸುಣ್ಣದ ಲೆಕ್ಕ. ಬರೀ ಸೈರಿಸಿಕೊಂಡಿರಲು ತಾತಯ್ಯನೇಕೆ ಬೇಕಿತ್ತು?

ನನ್ನೂರು ಕೊಪ್ಪಳದ ಕಡೆಯದು. ಅಲ್ಲಿ ಮುಸ್ಲಿಮರ ಮನೆ ಒಂದೂ ಇರಲಿಲ್ಲ, ಮೊಹರಂ ಮಾತ್ರ ತಪ್ಪುತ್ತಿರಲಿಲ್ಲ. ಅಲಾಯಿ ಕುಣಿಗೆ, ಅಂದರೆ ಮೊಹರಂ ಬೆಂಕಿಯ ಗುಂಡಿಗೆ, ಗುದ್ದಲಿ ಹಾಕುವವರು ನಮ್ಮ ಓಣಿಯವರು, ಫಾತಿಹಾ ಓದಿಕೆಗೆ ಬರುವವರು ಪಕ್ಕದೂರಿನ ಮುಲ್ಲಾ. ಆರು ವರ್ಷದವನಿದ್ದಾಗ ನನಗೆ ಜ್ವರ ಬಿಡದೆ ಅವ್ವ ಹರಕೆ ಹೊತ್ತಿದ್ದಳು. ಆ ವರ್ಷ ನನ್ನನ್ನು ಫಕೀರನನ್ನಾಗಿ ಮಾಡಿದಳು. ಹಣೆಯ ಮೇಲೆ ಅಪ್ಪ ಹಚ್ಚಿದ ವಿಭೂತಿ, ಕೊರಳಲ್ಲಿ ಅವ್ವ ಹಾಕಿದ ಕೆಂಪು ಲಾಡಿ, ಕೈಯಲ್ಲಿ ಓದಿಸಿದ ಸಕ್ಕರೆಯ ಪೊಟ್ಟಣ. ಬೆವರಿಗೆ ಲಾಡಿಯ ಬಣ್ಣ ಬಿಟ್ಟು ಅಂಗಿಯೆಲ್ಲ ಕೆಂಪಾಗಿತ್ತು. ಅವ್ವ ಆ ಅಂಗಿಯನ್ನು ಬಹಳ ದಿನ ಎತ್ತಿಟ್ಟಿದ್ದಳು. ಅವಳಿಗೆ ಸಹಿಷ್ಣುತೆ ಎಂಬ ಶಬ್ದ ಗೊತ್ತಿರಲಿಲ್ಲ. ಮೊಹರಂನಲ್ಲಿ ಪಂಜಾದ, ಅಂದರೆ ಲೋಹದ ಹಸ್ತದ, ರೂಪದಲ್ಲಿ ಹೊರಡುವ ಪೀರಲ ದೇವರು ಬೀದಿಗೆ ಬಂದದ್ದರಿಂದಲೇ ಅವಳಿಗೆ ದೇವರಾದರು. ಮಸೀದಿಯ ಒಳಗೇ ಇದ್ದಿದ್ದರೆ ಅವಳು ಕಾಣುತ್ತಲೇ ಇರಲಿಲ್ಲ.

ಸಂವಿಧಾನದ 25ನೇ ವಿಧಿಯೂ ಮನಸ್ಸಿನೊಳಗೆ ನಂಬುವುದಕ್ಕಷ್ಟೇ ಸ್ವಾತಂತ್ರ್ಯ ಕೊಟ್ಟಿಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಆಚರಿಸುವುದಕ್ಕೂ ಕೊಟ್ಟಿದೆ. ಮೆರವಣಿಗೆಯಲ್ಲಿ ಕತ್ತಿ ಝಳಪಿಸುವವರನ್ನು ಪೊಲೀಸರು ಹಿಡಿಯಲಿ. ಅವರಿಗೆ ಹೆದರಿ ತೇರನ್ನೂ ಪಂಜಾವನ್ನೂ ಒಳಗೆ ಕೂಡಿಹಾಕಿದರೆ ಬೀದಿ ಅವರದೇ ಆಗುತ್ತದೆ.

ಹೊಸ್ತಿಲೊಳಗೆ ಏನು ನಡೆಯುತ್ತದೆ ಎಂಬುದನ್ನೂ ಹೇಳುತ್ತೇನೆ. ನಮ್ಮ ಪತ್ರಿಕೆಯಲ್ಲಿ ಕರಡು ತಿದ್ದುವ ಹುಡುಗನೊಬ್ಬ ಕಳೆದ ವರ್ಷ ಬಾಡಿಗೆ ಮನೆ ಹುಡುಕುತ್ತಿದ್ದ. ಜೊತೆಗೆ ನಾನೂ ಹೋಗಿದ್ದೆ. ಮನೆ ಹಿಡಿಸಿತು, ಮುಂಗಡದ ಮಾತೂ ಆಯಿತು. ಹೆಸರು ಕೇಳಿದ ಮೇಲೆ ಯಜಮಾನರು ಒಳಗೆ ಹೋಗಿ ಬಂದು, “ನಮ್ಮ ಅಣ್ಣನ ಮಗನಿಗೆ ಬೇಕಂತೆ” ಎಂದರು. ತುಂಬ ಸೌಮ್ಯ ಮನುಷ್ಯರು. ಯಾವ ಮೆರವಣಿಗೆಗೂ ಹೋದವರಲ್ಲ, ಗದ್ದಲ ಮಾಡಿದವರಲ್ಲ. ದೇವರನ್ನು ನೀವು ಹೇಳುವ ಕೋಣೆಯಲ್ಲಿಯೇ ಇಟ್ಟುಕೊಂಡವರು. ಊದುಬತ್ತಿಯ ವಾಸನೆ ಗೇಟಿನವರೆಗೂ ಬರುತ್ತಿತ್ತು. ಇಂಥ ನಾಲ್ಕು ಗೇಟುಗಳ ಮುಂದೆ ನಾವು ನಿಂತು ಬಂದೆವು.

ಆ ಹುಡುಗ ಈಗಲೂ ಎರಡು ಬಸ್ ಬದಲಾಯಿಸಿ ಕಚೇರಿಗೆ ಬರುತ್ತಾನೆ. ನಿಮ್ಮ ಪತ್ರದ ಕರಡು ತಿದ್ದಿದವನು ಅವನೇ.